ಬೆಟ್ಟಕ್ಕೆ ಕಲ್ಲು ಹೊರುವ ಕೆಲಸ

ವ್ಯರ್ಥಶ್ರಮವನ್ನು ಕುರಿತು ಹೇಳಬೇಕಾದಾಗ 'ಬೆಟ್ಟಕ್ಕೆ ಕಲ್ಲು ಹೊತ್ತ ಹಾಗೆ' ಎಂಬ ಗಾದೆಯು ನಮ್ಮ ಜನರ ಬಾಯಲ್ಲಿ ತಾನಾಗಿಯೇ ಬರುವುದು. ಮೂವತ್ತು ವರ್ಷಗಳಿಗೂ ಮಿಕ್ಕಿ ಉಪಾಧ್ಯಾಯವೃತ್ತಿಯಲ್ಲಿದ್ದ ನಾವು ಈ ಗಾದೆಯ ಅರ್ಥವನ್ನು ಎಷ್ಟು ತರಗತಿಗಳಿಗೆ ಬಿಡಿಸಿ ಹೇಳಿದೆವೋ ಲೆಕ್ಕವಿಲ್ಲ. ಆದರೆ ನಿವೃತ್ತರಾದ ತರುವಾಯ ಸಂಡೂರಿನ ಬೆಟ್ಟಗಳನ್ನೂ, ಹೊಸಪೇಟೆಯ ಜಲಾಶಯವನ್ನೂ, ಹಂಪೆಯ ಕಾಲುವೆಗಳನ್ನೂ, ಕಂಪ್ಲಿಯ ಹೊಳೆದಂಡೆಯನ್ನೂ ಬಿಡುವಾಗಿ ನೋಡುತ್ತ ಬಂದ ಹಾಗೆ, ಈ ಸೀಮೆಯ ಮಟ್ಟಿಗಾದರೂ ಆ ಅರ್ಥವನ್ನು ತಿದ್ದಿಕೊಳ್ಳಬೇಕೆಂದು ನಮಗೆ ತೋರಿದೆ. ಬೆಟ್ಟಕ್ಕೆ ಕಲ್ಲು ಹೊರುವುದೇ ಇಲ್ಲಿ ಈಗ ಆಗಬೇಕಾಗಿರುವ ಕೆಲಸ. ಅದು ಹೇಗೆಂಬುದನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಲೇಖನ.

ನಾವು ಮೊದಲು ಕೆಲಸಕ್ಕೆ ಸೇರಿದ ಶಾಲೆಯು ಸಂಡೂರಿನ ಸೀಮೆಯ ಒಂದು ಹಳ್ಳಿಯಲ್ಲಿ, ಹಳ್ಳದ ಮಗ್ಗುಲಲ್ಲಿತ್ತು. ಶಾಲೆಯ ಅಂಗಳದ ಅಂಚಿನಲ್ಲಿ ಒಂದು ಹೊಂಗೆಯ ಮರವಿತ್ತು. ಅಳತೆಯ ಪಾಠ ಬಂದಾಗ ಮಕ್ಕಳ ಕೈಯಲ್ಲಿ ಹಗ್ಗ ಕೊಟ್ಟು, ಮರದಿಂದ ಹಳ್ಳದ ದಡಕ್ಕೆ ಎಷ್ಟು ದೂರವೆಂದು ಅಳೆಯಿಸಿದೆವು. ಹನ್ನೆರಡು ಮಾರು ಬಂದಿತು. ಮಕ್ಕಳಿಗೆ ಇದು ಆಟದಂತೆ ರುಚಿಸಿದ್ದರಿಂದ ಪ್ರತಿ ವರ್ಷವೂ ದೀಪಾವಳಿ ಕಳೆದ ಮೇಲೆ ಅದೇ ಹಗ್ಗದಿಂದ ಅಳೆಯುವುದು ವಾಡಿಕೆಯಾಯಿತು. ಮೊದಲ ಕೆಲವು ವರ್ಷ ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲ. ಆಮೇಲೊಂದು ವರ್ಷ ಒಬ್ಬ ಹುಡುಗನು, "ಮೇಷ್ಟ್ರೇ, ಹಗ್ಗ ಬೆಳೆದುಬಿಟ್ಟಿದೆ" ಎಂದು ಕೂಗಿದನು. ಎಲ್ಲರೂ ನಕ್ಕೆವು. ಹಗ್ಗವು ಬೆಳೆದಿರಲಿಲ್ಲ, ನೆಲವು ಸವೆದಿತ್ತು. ಒಂಬತ್ತೇ ಮಾರು ಉಳಿದಿತ್ತು. ನಮಗೆ ವರ್ಗವಾಗುವ ಹೊತ್ತಿಗೆ ಅದು ಏಳಕ್ಕೆ ಇಳಿದಿತ್ತು. ಬಹುಕಾಲದ ಮೇಲೆ ಮರಳಿ ಹೋದಾಗ ಮರದ ಬೇರುಗಳು ಹಳ್ಳದ ಮೇಲೆ ಜಡೆಯಂತೆ ಜೋಲುತ್ತಿದ್ದುವು. ಅದರ ಮುಂದಿನ ಸಲ ಮರವೇ ಇರಲಿಲ್ಲ.

ಆ ನೆಲವೆಲ್ಲ ಎಲ್ಲಿಗೆ ಹೋಯಿತು? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ನೀರು ಹೋದ ದಾರಿಯನ್ನೇ ಹಿಡಿದು ಹೋಗಬೇಕು. ಸಂಡೂರು ಬೆಟ್ಟಗಳ ಕೋಟೆಯೊಳಗಿರುವ ಕಣಿವೆ. ನಾರಿಹಳ್ಳವು ಪಶ್ಚಿಮದಲ್ಲಿ ಓಬಳಗಂಡಿಯಿಂದ ಒಳಹೊಕ್ಕು, ಕಣಿವೆಯ ನೀರನ್ನೆಲ್ಲ ಕೂಡಿಸಿಕೊಂಡು, ಪೂರ್ವದಲ್ಲಿ ಭೀಮಗಂಡಿಯಿಂದ ಹೊರಬಿದ್ದು ದರೋಜಿಯ ಕೆರೆಯ ಕಡೆಗೆ ಹರಿಯುವುದು. ಆದಕಾರಣ ನಮ್ಮ ಶಾಲೆಯ ಅಂಗಳವು ಈಗ ಬಹುಶಃ ಕೆಳಗಿನ ಯಾವುದೋ ಕೆರೆಯ ತಳದಲ್ಲಿ ಮಲಗಿರಬೇಕು. ಶಾಲೆಗೆ ಬೇಕಾಗಿದ್ದ ಮಣ್ಣು ಕೆರೆಗೆ ಹೊರೆಯಾಯಿತು. ಜಲಾನಯನವೆಂಬ ಶಬ್ದವನ್ನು ಇಂದು ಸರಕಾರಿ ಕಾಗದಗಳಲ್ಲಿ ಎಲ್ಲೆಲ್ಲಿಯೂ ಕಾಣುತ್ತೇವೆ. ಆನಯನವೆಂದರೆ ಕರೆತರುವುದು. ಮಳೆಯ ನೀರನ್ನು ಒಂದೆಡೆಗೆ ಕರೆತರುವ ನೆಲವೆಲ್ಲವೂ ಜಲಾನಯನ. ಆದರೆ ನೀರು ಒಂಟಿಯಾಗಿ ಬರುವುದಿಲ್ಲ. ಬರಿಯ ನೆಲದ ಮೇಲಿಂದ ಬರುವಾಗ ಮಣ್ಣನ್ನೂ ಕೈಹಿಡಿದು ಕರೆತರುವುದು.

ದೊಡ್ಡ ಪ್ರಮಾಣದಲ್ಲಿ ಇದರ ಫಲವೇನೆಂಬುದಕ್ಕೆ ಹೊಸಪೇಟೆಯ ತುಂಗಭದ್ರಾ ಜಲಾಶಯವೇ ಸಾಕ್ಷಿ. 1945ರ ಫೆಬ್ರವರಿ 28ರಂದು ಇದಕ್ಕೆ ಅಡಿಗಲ್ಲಿಟ್ಟರು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಆಗ ಜಲಾಶಯದ ಗಾತ್ರ ಸುಮಾರು 133 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. 2016ರ ಮೋಜಣಿಯಲ್ಲಿ ಇದು ಸುಮಾರು 106ಕ್ಕೆ ಇಳಿದಿರುವುದಾಗಿ ಕಂಡುಬಂದಿತು. ಉಳಿದ 27 ಟಿ.ಎಂ.ಸಿ.ಯಷ್ಟು ಜಾಗವನ್ನು ಹೂಳು ಆಕ್ರಮಿಸಿಕೊಂಡಿದೆ. ಇಷ್ಟು ನೀರನ್ನು ಆರು ಲಕ್ಷ ಎಕರೆ ನೆಲದ ಮೇಲೆ ಒಂದು ಅಡಿ ಎತ್ತರ ನಿಲ್ಲಿಸಬಹುದು. ಕಾಲುವೆಯ ಕೊನೆಯಲ್ಲಿರುವ ಒಕ್ಕಲಿಗನ ಎರಡನೆಯ ಬೆಳೆ ಎಲ್ಲಿ ಹೋಯಿತೆಂದು ಕೇಳಿದರೆ, ಅದರಲ್ಲಿ ಬಹುಪಾಲು ಇಲ್ಲಿ ಹೂತುಹೋಗಿದೆಯೆಂದು ತೋರಿಸಬೇಕಾಗುವುದು.

2024ರ ಆಗಸ್ಟ್ 10ರ ರಾತ್ರಿ ಈ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ನಾಡಿಗೆ ನಾಡೇ ಗಾಬರಿಗೊಂಡಿತು. ಇಂಜಿನಿಯರರೂ ಕೆಲಸಗಾರರೂ ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಸುಮಾರು ಒಂದು ವಾರದಲ್ಲಿ ಆ ಬಾಯನ್ನು ಮುಚ್ಚಿದರು. ಅವರ ಸಾಹಸವು ಸ್ತುತ್ಯವಾದದ್ದು. ಆದರೆ ಒಂದು ಮಾತನ್ನು ವಾಚಕರು ಯೋಚಿಸಬೇಕು. ಗೇಟು ಮುರಿದರೆ ಸದ್ದಾಗುವುದು, ಎಲ್ಲರೂ ಓಡಿಬರುವರು. ಹೂಳು ಎಪ್ಪತ್ತು ವರ್ಷ ಸದ್ದಿಲ್ಲದೆ ಬಂದುದರಿಂದ ಯಾರೂ ಓಡಿಬರಲಿಲ್ಲ.

ಹೂಳನ್ನು ಎತ್ತಿಬಿಡಬಾರದೆ ಎಂದು ಕೇಳುವವರುಂಟು. 2017ರ ಬೇಸಗೆಯಲ್ಲಿ ರೈತರು ಸರಕಾರದ ದಾರಿ ಕಾಯದೆ ತಾವೇ ಟ್ರಾಕ್ಟರುಗಳನ್ನು ತಂದು, 'ಹೂಳಿನ ಜಾತ್ರೆ' ಎಂದು ಹೆಸರಿಟ್ಟು, ಜಲಾಶಯದ ಅಂಗಳದಿಂದ ಮಣ್ಣು ಸಾಗಿಸಿದ್ದುಂಟು. ಆ ಉತ್ಸಾಹವನ್ನು ಮೆಚ್ಚಬೇಕು. ಹೊಲಕ್ಕೆ ಆ ಮಣ್ಣು ಒಳ್ಳೆಯ ಗೊಬ್ಬರವೂ ಹೌದು. ಆದರೆ ಮೇಷ್ಟರಾದ ನಮಗೆ ಲೆಕ್ಕ ಹಾಕದೆ ಇರಲಾಗದು. ಒಂದು ಟ್ರೈಲರಿಗೆ ನೂರು ಘನ ಅಡಿ ಮಣ್ಣೆಂದು ಹಿಡಿದರೆ 27 ಟಿ.ಎಂ.ಸಿ. ಹೂಳಿಗೆ 27 ಕೋಟಿ ಹೇರುಗಳಾಗುವುವು. ದಿನಕ್ಕೆ ಸಾವಿರ ಹೇರಿನಂತೆ, ಹಬ್ಬ ಹರಿದಿನವೆನ್ನದೆ ಸಾಗಿಸಿದರೂ ಏಳುನೂರ ನಲವತ್ತು ವರ್ಷ ಬೇಕು. ವಿಜಯನಗರದ ಸ್ಥಾಪನೆಯಾದದ್ದು 1336ರಲ್ಲಿ. ಹಕ್ಕಬುಕ್ಕರ ಕಾಲದಲ್ಲಿ ಮೊದಲುಮಾಡಿದ್ದರೂ ಕೆಲಸ ಇನ್ನೂ ಮುಗಿಯುತ್ತಿರಲಿಲ್ಲ! ಅಷ್ಟರಲ್ಲಿ ಹೊಸ ಹೂಳು ಬಂದು ಕೂಡುತ್ತಲೇ ಇರುವುದು. ಆದುದರಿಂದ ಸಣ್ಣ ಕೆರೆಗೆ ಹೂಳೆತ್ತುವುದು ಔಷಧ; ಇಂಥ ಸಾಗರಕ್ಕೆ ಹೂಳು ಬಾರದಂತೆ ತಡೆಯುವ ಪಥ್ಯವೊಂದೇ ಗತಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ಜಲಾಶಯವು ತುಂಬಿಹೋದದ್ದು ಸಂಡೂರಿನ ಗಣಿಗಳ ಮಣ್ಣಿನಿಂದಲೇ ಎಂದು ಅನೇಕರು ಹೇಳುವರು. ಆದರೆ ಸಂಡೂರಿನ ಕಣಿವೆಯ ನೀರು, ನಾವು ಮೇಲೆ ಹೇಳಿದಂತೆ, ದರೋಜಿಯ ಕಡೆಗೆ ಹೋಗುವುದು. ಜಲಾಶಯಕ್ಕೆ ನೀರು ತರುವ ನೆಲವೋ 28,000 ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿದೆ. ಅದರಲ್ಲಿ ಮಲೆನಾಡಿನ ಇಳಿಜಾರು, ವರದೆಯ ಬಯಲು, ಚಿಕ್ಕಹಗರಿಯ ಒಣನೆಲ ಎಲ್ಲವೂ ಸೇರಿವೆ. ಉತ್ತ ಹೊಲಗಳೂ ಬೋಳಾದ ಗುಡ್ಡಗಳೂ ಕುಸಿದ ಹಳ್ಳದ ದಡಗಳೂ ಸೇರಿ ಈ ಹೂಳನ್ನು ಕಳುಹಿಸಿವೆ. ಅಂದಮೇಲೆ ಒಬ್ಬನನ್ನು ಬೆರಳಿಟ್ಟು ತೋರಿಸಿ ನಾವು ಪಾರಾಗುವಂತಿಲ್ಲ.

ಪೂರ್ವಿಕರು ಈ ಹೂಳಿನ ಸಂಗತಿಯನ್ನು ಅರಿತಿದ್ದರೆ? ಹಂಪೆಯ ಸುತ್ತಣ ಕಾಲುವೆಗಳನ್ನು ನೋಡಿದರೆ ಅರಿತಿದ್ದರೆಂದೇ ಹೇಳಬೇಕಾಗುವುದು. ತುರ್ತಾ, ರಾಮಸಾಗರ, ಕಂಪ್ಲಿ ಮೊದಲಾದ ಕಾಲುವೆಗಳಿಗೆ ಅವರು ಹೊಳೆಯನ್ನು ಪೂರ್ತಿ ತಡೆದು ನಿಲ್ಲಿಸಲಿಲ್ಲ. ನದಿಯಲ್ಲಿ ತಾವಾಗಿಯೇ ನಿಂತಿದ್ದ ಬಂಡೆಗಳನ್ನು ಆಧಾರವಾಗಿಟ್ಟುಕೊಂಡು, ಅವುಗಳ ನಡುವೆ ದೊಡ್ಡ ಕಲ್ಲುಗಳನ್ನು ಸೇರಿಸಿ, ತಗ್ಗಾದ ಅಣೆಗಳನ್ನು ಕಟ್ಟಿದರು. ಬೇಸಗೆಯ ನೀರು ಕಾಲುವೆಗೆ ತಿರುಗುವುದು; ಪ್ರವಾಹವು ಅಣೆಯ ಮೇಲೆ ಹಾರಿ ತನ್ನ ಮಣ್ಣನ್ನು ತಾನೇ ಹೊತ್ತುಕೊಂಡು ಮುಂದೆ ಹೋಗುವುದು. ಹೀಗಾಗಿ ಐದಾರು ಶತಮಾನಗಳ ಮೇಲೆಯೂ ಕಂಪ್ಲಿಯ ಗದ್ದೆಗಳಿಗೆ ಆ ಕಾಲುವೆಗಳು ನೀರು ಕೊಡುತ್ತಿವೆ. 1521ರಲ್ಲಿ ಕೃಷ್ಣದೇವರಾಯನು ಮಾಡಿಸಿದ ಬಸವಣ್ಣ ಕಾಲುವೆಯು ಇಂದು ಹೊಸ ಜಲಾಶಯದಿಂದಲೇ ನೀರು ಪಡೆಯುತ್ತದೆ, ಏಕೆಂದರೆ ಅದರ ಹಳೆಯ ಅಣೆಯು ಆ ಜಲಾಶಯದಲ್ಲಿಯೇ ಮುಳುಗಿದೆ. ಆದರೂ ಹಳೆಯದೆಲ್ಲವೂ ನಿರ್ದುಷ್ಟವೆಂದು ನಮ್ಮ ವಾದವಲ್ಲ. ಅದೇ ಅರಸನು ಹೊಸಪೇಟೆಯ ಬಳಿ ಕಟ್ಟಿಸುತ್ತಿದ್ದ ಹಿರಿಯ ಕೆರೆಯ ಏರಿಯು ಎರಡು ಮೂರು ಸಲ ಒಡೆಯಿತೆಂದು, ಆಗ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪೇಸನು ಬರೆದಿದ್ದಾನೆ. ತಗ್ಗಿನ ಅಣೆಯು ಹೆಚ್ಚು ನೀರನ್ನು ಹಿಡಿದಿಡಲಾರದು. ಎತ್ತರದ ಕಟ್ಟೆಯು ಹೂಳನ್ನು ಬಿಡಲಾರದು. ಎತ್ತರದ ಕಟ್ಟೆಯನ್ನು ನಂಬಿ ಲಕ್ಷಾಂತರ ಸಂಸಾರಗಳು ಬದುಕುತ್ತಿರುವ ಈಗ, ಮೇಲಣ ನೆಲವನ್ನು ಕಾಯುವುದು ನಮ್ಮ ಪಾಲಿನ ಕರ್ತವ್ಯವಾಗಿದೆ.

ಸಂಸ್ಕೃತವನ್ನು ಅಲ್ಪಸ್ವಲ್ಪ ಓದಿದ ನಮಗೆ ಈ ಸಂದರ್ಭದಲ್ಲಿ ಪೊರುಮಾಮಿಳ್ಳದ ಶಿಲಾಶಾಸನವು ನೆನಪಾಗುವುದು. ಕಡಪ ಸೀಮೆಯಲ್ಲಿರುವ ಆ ಕೆರೆಯನ್ನು ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಕಟ್ಟಿಸಿದನು. ದಿನವೂ ಸಾವಿರ ಆಳುಗಳೂ ನೂರು ಗಾಡಿಗಳೂ ದುಡಿದು ಎರಡು ವರ್ಷಗಳಲ್ಲಿ ಕೆಲಸ ಮುಗಿಯಿತಂತೆ. ಒಳ್ಳೆಯ ಕೆರೆಗೆ ಹನ್ನೆರಡು ಸಾಧನಗಳನ್ನೂ, ಕೆರೆಗೆ ಬರಬಾರದ ಆರು ದೋಷಗಳನ್ನೂ ಆ ಶಾಸನವು ಎಣಿಸಿ ಹೇಳುವುದು. ಆರು ದೋಷಗಳಲ್ಲಿ ಎರಡನ್ನು ನಾವು ಪದೇ ಪದೇ ಯೋಚಿಸಿದ್ದೇವೆ. ಕೆರೆಯ ನಡುವೆ ಆಮೆಯ ಬೆನ್ನಿನಂತೆ ದಿಣ್ಣೆಯಿರಬಾರದೆಂಬುದು ಒಂದು. ಹುಟ್ಟಿನಿಂದ ಇಲ್ಲದ ಈ ದೋಷವನ್ನು ಹೂಳು ತಾನಾಗಿ ತಂದುಕೊಡುವುದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರಬಾರದೆಂಬುದು ಇನ್ನೊಂದು. ತುಂಗಭದ್ರೆಯ ಅಣೆಕಟ್ಟು ಹುಟ್ಟಿದ್ದೇ ಮದರಾಸು ಮತ್ತು ಹೈದರಾಬಾದುಗಳ ಗಡಿಯಲ್ಲಿ. ಇಂದಿಗೂ ಅದರ ನೀರಿಗೆ ಕರ್ನಾಟಕ, ಆಂಧ್ರ, ತೆಲಂಗಾಣಗಳು ಪಾಲುದಾರರು. ಆದರೆ ಗಡಿಯೆಂದರೆ ರಾಜ್ಯಗಳ ಗಡಿ ಮಾತ್ರವಲ್ಲ. ಬೆಟ್ಟವು ಅರಣ್ಯ ಇಲಾಖೆಯದು, ಅದರೊಳಗಿನ ಅದಿರು ಗಣಿಯವನದು, ಇಳಿಜಾರಿನ ಹೊಲ ಒಕ್ಕಲಿಗನದು, ಹಳ್ಳವು ಪಂಚಾಯಿತಿಯದು, ಜಲಾಶಯವು ನೀರಾವರಿಯವರದು. ನೀರು ಮಾತ್ರ ಒಂದೇ. ಪಾಲು ಕೇಳುವವರು ಅನೇಕರು, ಹೊಣೆ ಹೊರುವವರು ಯಾರೂ ಇಲ್ಲ. ಶಾಸನಕಾರನು ಹೇಳಿದ ಗಡಿದೋಷವು ಇಂದು ನಮಗೆ ಈ ರೂಪದಲ್ಲಿ ಬಂದಿದೆ.

ಸಂಡೂರಿನಲ್ಲಿ ಈ ದೋಷವು ಹೇಗೆ ಬೆಳೆದು, ನ್ಯಾಯಸ್ಥಾನದ ಮೂಲಕ ಹೇಗೆ ಅಂಕೆಗೆ ಬಂದಿತೆಂಬುದು ತಿಳಿಯತಕ್ಕ ವಿಷಯ. 2000ದ ಇಸವಿಯ ನಂತರ ಅದಿರಿನ ಬೆಲೆ ಏರಿದಾಗ ಬೆಟ್ಟಗಳನ್ನು ಲಂಗುಲಗಾಮಿಲ್ಲದೆ ಅಗೆದರು. ಬೇಡವಾದ ಮಣ್ಣನ್ನು ಇಳಿಜಾರಿನಲ್ಲಿಯೇ ಸುರಿದರು. ಮಳೆ ಬಂದರೆ ಹಳ್ಳಗಳು ಕುಂಕುಮದ ನೀರಿನಂತೆ ಹರಿಯುತ್ತಿದ್ದುವು. ನಮ್ಮ ವಿದ್ಯಾರ್ಥಿಗಳ ಬಿಳಿಯ ಅಂಗಿಗಳೆಲ್ಲ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದ್ದುವು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2008ರಲ್ಲಿಯೂ 2011ರಲ್ಲಿಯೂ ವರದಿಗಳನ್ನು ಕೊಟ್ಟರು. ಸಮಾಜ ಪರಿವರ್ತನ ಸಮುದಾಯದವರು ತಂದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆಯೊಂದನ್ನು ಪ್ರತಿ ಗಣಿಗೂ ಬೇರೆ ಬೇರೆಯಾಗಿ ಸಿದ್ಧಪಡಿಸಿ ಜಾರಿಗೆ ತಂದಲ್ಲದೆ ಮತ್ತೆ ಅಗೆಯಕೂಡದೆಂದು ಕಟ್ಟುಮಾಡಿತು. ಇದರಂತೆ ಮಣ್ಣಿನ ರಾಶಿಗಳ ಬುಡದಲ್ಲಿ ಕಲ್ಲಿನ ತಡೆಗೋಡೆ, ಸುತ್ತಲೂ ಹಾರದಂತೆ ಬಳಸುವ ಚರಂಡಿ, ಕೊರಕಲುಗಳಲ್ಲಿ ಅಡ್ಡಗಟ್ಟೆಗಳು, ಇಳಿಜಾರಿನ ಮೇಲೆ ತೆಂಗಿನ ನಾರಿನ ಚಾಪೆ, ಅದರಲ್ಲಿ ಹುಲ್ಲು ಮತ್ತು ಗಿಡ, ಇವೆಲ್ಲವೂ ಬಂದುವು. ಸುತ್ತಣ ಹಳ್ಳಿಗಳ ನೆಲ, ನೀರು, ಆರೋಗ್ಯಗಳನ್ನು ಸರಿಪಡಿಸುವುದಕ್ಕೆ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವು ಸ್ಥಾಪಿತವಾಯಿತು. ಹಣವು ಸಾವಿರಾರು ಕೋಟಿ ಕೂಡಿದರೂ ವೆಚ್ಚವಾಗದೆ ಬಹುಕಾಲ ಕುಳಿತಿತ್ತು. 2022ರಲ್ಲಿ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಇದರ ಮೇಲ್ವಿಚಾರಣೆಗೆ ನೇಮಿಸಿತು. ಹಣವು ಬಂದುದು ಒಳ್ಳೆಯದೇ. ಅದನ್ನು ಎಲ್ಲಿಂದ ಖರ್ಚು ಮಾಡತೊಡಗುವರೆಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಈ ಪ್ರಶ್ನೆಯಲ್ಲಿ ನಾವೇ ಒಮ್ಮೆ ತಪ್ಪಿದವರು. ಹೊಂಗೆಯ ಮರದ ಬಳಿ ದಡ ಕುಸಿಯುತ್ತಿದ್ದಾಗ ಊರವರ ಪರವಾಗಿ ಅರ್ಜಿ ಬರೆದವರು ನಾವು. ಶಾಲೆಯ ಕೆಳಗೆ ಒಂದು ಸಿಮೆಂಟಿನ ಅಡ್ಡಗಟ್ಟೆ ಬೇಕೆಂದು ಚೆನ್ನಾದ ಅಕ್ಷರದಲ್ಲಿ ಬರೆದೆವು. ಕಟ್ಟೆಯೂ ಬಂದಿತು, ಹೂಮಾಲೆಯೂ ಬಂದಿತು. ಮೇಲಣ ಗುಡ್ಡವು ಬೋಳಾಗಿತ್ತೆಂಬುದನ್ನು ಯಾರೂ ನೋಡಲಿಲ್ಲ. ಎರಡು ಮಳೆಗಾಲಗಳಲ್ಲಿ ಕಟ್ಟೆಯ ಹಿಂದೆ ಮಣ್ಣು ಸಮತಟ್ಟಾಗಿ ತುಂಬಿತು. ಮೂರನೆಯ ಮಳೆಗಾಲದಲ್ಲಿ, ಹೋಗಲು ದಾರಿಯಿಲ್ಲದ ನೀರು ಕಟ್ಟೆಯ ಪಕ್ಕವನ್ನು ಕೊರೆದು ಹೊಸ ದಾರಿ ಮಾಡಿಕೊಂಡಿತು. ಆ ಹೊಸ ದಾರಿಯಲ್ಲಿಯೇ ನಮ್ಮ ಹೊಂಗೆಯ ಮರವಿತ್ತು. ಕಟ್ಟೆಯು ಇಂದಿಗೂ ಗಟ್ಟಿಯಾಗಿ ನಿಂತಿದೆ. ಹಳ್ಳವು ಮಾತ್ರ ಅದರ ಮಗ್ಗುಲಲ್ಲಿ ಹರಿಯುತ್ತಿದೆ.

ಆದುದರಿಂದ ಹಳ್ಳವನ್ನು ಸರಿಪಡಿಸಹೊರಟವರು ಮೊದಲು ಅದನ್ನು ಪರೀಕ್ಷಿಸಬೇಕು. ವೈದ್ಯನು ನಾಡಿ ನೋಡಿದಂತೆ ಇದನ್ನು ಯಾವ ಗೃಹಸ್ಥನೂ ಮಾಡಬಹುದು. ಮೊದಲನೆಯ ದೊಡ್ಡ ಮಳೆಯ ನೀರನ್ನು ಒಂದು ಗಾಜಿನ ಸೀಸೆಯಲ್ಲಿ ಹಿಡಿದು ಒಂದು ದಿನ ಅಲುಗಿಸದೆ ಇಡಿರಿ. ತಳದಲ್ಲಿ ಕೂಡಿದ ಮಣ್ಣು ಎಷ್ಟು ಬೆರಳು ದಪ್ಪವೆಂದು ಗುರುತುಹಾಕಿರಿ. ವರ್ಷ ವರ್ಷವೂ ಅದೇ ಜಾಗದಲ್ಲಿ ಹೀಗೆ ಮಾಡಿದರೆ ಮೇಲಣ ನೆಲದ ಸ್ಥಿತಿಯು ತಿಳಿಯುವುದು. ದಡದ ಮರಗಳ ಬೇರು ಹೊರಗೆ ಕಾಣುತ್ತಿವೆಯೆ? ದಡವು ಇಳಿಜಾರಾಗಿದೆಯೋ, ಗೋಡೆಯಂತೆ ನಿಂತಿದೆಯೋ? ಗೋಡೆಯಂತಿದ್ದರೆ ಅದು ಬೀಳುವ ಹವಣಿನಲ್ಲಿದೆಯೆಂದೇ ತಿಳಿಯಬೇಕು. ಹೊಲದ ಕೊರಕಲಿನ ತಲೆಯ ಬಳಿ ಒಂದು ಕಲ್ಲು ನೆಟ್ಟು ನೋಡಿರಿ. ಕೊರಕಲು ಕೆಳಗಿನಿಂದ ಮೇಲಕ್ಕೆ ಬೆಳೆಯುವುದು. ಕೊನೆಯ ಮಳೆಯಾದ ಮೇಲೆ ಹಳ್ಳವು ಎಷ್ಟು ದಿನ ಹರಿಯಿತೆಂದು ಪಂಚಾಂಗದ ಅಂಚಿನಲ್ಲಿ ಬರೆದಿಡಿರಿ. ಬೆಟ್ಟವು ನೀರು ಕುಡಿದಿದ್ದರೆ ಹರಿವು ಬಹುದಿನ ನಿಲ್ಲುವುದು. ಕುಡಿಯದಿದ್ದರೆ ಒಂದೆರಡು ದಿನಗಳಲ್ಲಿ ತೀರಿಹೋಗುವುದು.

ಪರೀಕ್ಷೆಯಾದ ಮೇಲೆ ಚಿಕಿತ್ಸೆ. ಅದರ ಕ್ರಮವೊಂದೇ: ತಲೆಯಿಂದ ಕಾಲಿಗೆ. ಮೊದಲು ಬೆಟ್ಟದ ನೆತ್ತಿಯಲ್ಲಿ ದನ ಆಡುಗಳ ಮೇಪನ್ನು ಕೆಲವು ವರ್ಷ ಬಿಡಿಸಿ ಹುಲ್ಲು ಏಳಗೊಡಬೇಕು. ಇಳಿಜಾರಿಗೆ ಅಡ್ಡಲಾಗಿ ಸಣ್ಣ ಕಂದಕಗಳನ್ನು ತೆಗೆಯಬೇಕು. ಎಳೆಯ ಕೊರಕಲುಗಳಲ್ಲಿ, ಅಲ್ಲಿಯೇ ಸಿಕ್ಕುವ ಬಿಡಿಗಲ್ಲುಗಳನ್ನು ಮೊಳಕಾಲೆತ್ತರ ಒಟ್ಟಬೇಕು. ಈ ಕಲ್ಲುಸಾಲು ನೀರನ್ನು ಬಿಟ್ಟು ಮಣ್ಣನ್ನು ಹಿಡಿಯುವುದು. ಹೊಲಗಳಲ್ಲಿ ಬದು ಹಾಕಬೇಕು. ಆದರೆ ಕೆಂಪು ನೆಲಕ್ಕೆ ಒಪ್ಪುವ ಸಮಪಾತಳಿಯ ಬದುವನ್ನು ಕರಿಯ ನೆಲದಲ್ಲಿ ಹಾಕಿದರೆ ನೀರು ನಿಂತು ಬೆಳೆ ಕೊಳೆಯುವುದು, ಬದುವೂ ಒಡೆಯುವುದು. ಅಲ್ಲಿ ಕೊಂಚ ಇಳಿಜಾರು ಕೊಟ್ಟ ಬದುವೂ, ಹೆಚ್ಚಿನ ನೀರಿಗೆ ಹುಲ್ಲು ಬೆಳೆಸಿದ ದಾರಿಯೂ ಬೇಕು. 1954ರಿಂದ ಬಳ್ಳಾರಿಯಲ್ಲಿರುವ ಮಣ್ಣು ಮತ್ತು ನೀರು ಸಂರಕ್ಷಣೆಯ ಸಂಶೋಧನ ಕೇಂದ್ರವು ನಮ್ಮ ಕರಿಯ ನೆಲದ ಇಂಥ ಸಮಸ್ಯೆಗಳಿಗಾಗಿಯೇ ದುಡಿಯುತ್ತಿದೆ. ಇವೆಲ್ಲ ಆದ ಮೇಲೆ ಹಳ್ಳದ ದಡಕ್ಕೆ ಲಾವಂಚ, ಲಕ್ಕಿ, ಹೊಂಗೆ, ಬಿದಿರುಗಳನ್ನು ನೆಡಬೇಕು. ಸಿಮೆಂಟಿನ ಕಟ್ಟೆಯು ಬರಬೇಕಾದದ್ದು ಎಲ್ಲಕ್ಕಿಂತ ಕೊನೆಗೆ.

ಕೆಳಗಿನವರ ಕೆರೆಗಾಗಿ ಮೇಲಿನವರು ಏಕೆ ಮೇಪು ಬಿಡಬೇಕು? ಈ ಆಕ್ಷೇಪವು ನ್ಯಾಯವಾದದ್ದು. ಇದಕ್ಕೆ ಉತ್ತರವು ಹರಿಯಾಣದ ಸುಖೋಮಾಜರಿ ಎಂಬ ಹಳ್ಳಿಯಲ್ಲಿ ದೊರೆಯಿತು. 1958ರಲ್ಲಿ ಕಟ್ಟಿದ ಚಂಡೀಗಢದ ಸುಖನಾ ಸರೋವರವು ಬೇಗ ಬೇಗನೆ ಹೂಳಿನಿಂದ ತುಂಬತೊಡಗಿತು. ಕಾರಣ ಹುಡುಕುತ್ತ ಹೋದ ಪಿ. ಆರ್. ಮಿಶ್ರ ಎಂಬ ತಜ್ಞರು 1970ರ ದಶಕದಲ್ಲಿ ಈ ಹಳ್ಳಿಯ ಬೋಳುಗುಡ್ಡಗಳನ್ನು ಕಂಡರು. ಅವರು ಹಳ್ಳಿಯವರಿಗೆ ಉಪದೇಶ ಮಾಡಲಿಲ್ಲ. ಸಣ್ಣ ಮಣ್ಣಿನ ಕಟ್ಟೆಗಳನ್ನು ಕಟ್ಟಿ ಮೊದಲು ಅವರಿಗೇ ನೀರು ದೊರಕುವಂತೆ ಮಾಡಿದರು. ಆ ನೀರಿನಲ್ಲಿ ಹೊಲವಿಲ್ಲದವನ ಮನೆಗೂ ಸಮಪಾಲು ಬಂದಿತು. ಆಗ ಹಳ್ಳಿಯವರು ತಾವಾಗಿಯೇ ಗುಡ್ಡದ ಮೇಪನ್ನು ಬಿಟ್ಟರು. ಬೇಲಿಯನ್ನು ಯಾರೂ ಹಾಕಬೇಕಾಗಲಿಲ್ಲ. ಆ ಗುಡ್ಡದಿಂದ ಸರೋವರಕ್ಕೆ ಬರುವ ಹೂಳು ಬಹುಮಟ್ಟಿಗೆ ನಿಂತಿತು.

ಇನ್ನು ಕಂಪ್ಲಿಯ ಕಡೆಗೆ ಬರೋಣ. ಮಣ್ಣನ್ನೆಲ್ಲ ಜಲಾಶಯದಲ್ಲಿ ಬಿಟ್ಟು ತಿಳಿಯಾಗಿ ಹೊರಬಿದ್ದ ನೀರಿಗೆ ಹಸಿವು ಹೆಚ್ಚು. ಅದು ಕೆಳಗಿನ ದಡಗಳನ್ನು ಕೊರೆಯುವುದು. ಹೊಳೆಯ ಮರಳನ್ನು ನಾವು ಸಾಗಿಸಿದಷ್ಟೂ ಆ ಹಸಿವು ಬೆಳೆಯುವುದು. ತುಂಗಭದ್ರೆ ಕೂಡುವ ಕೃಷ್ಣೆಯು ಸಮುದ್ರ ಸೇರುವಲ್ಲಿ, ಮೇಲಿನಿಂದ ಬರಬೇಕಾದ ಮಣ್ಣು ಕಟ್ಟೆಗಳಲ್ಲಿ ಉಳಿದ ಕಾರಣ, ಕಡಲು ದಡವನ್ನು ತಿನ್ನುತ್ತಿದೆ. ಬೇಡವಾದೆಡ�ೆ ತುಂಬಿ, ಬೇಕಾದೆಡೆ ಇಲ್ಲವಾಗುವುದು ಹಾದಿತಪ್ಪಿದ ಮಣ್ಣಿನ ಸ್ವಭಾವ. ದಡದ ಹೊಲದವರು ಹೊಳೆಯಂಚಿನವರೆಗೂ ಉಳದೆ ಒಂದು ಪಟ್ಟಿಯಷ್ಟು ನೆಲವನ್ನು ಹುಲ್ಲಿಗೂ ಮರಕ್ಕೂ ಬಿಟ್ಟರೆ, ಬಿಟ್ಟ ಪಟ್ಟಿಯು ಉಳಿದ ಹೊಲವನ್ನು ಕಾಯುವುದು.

ಕಳೆದ ಚಳಿಗಾಲದಲ್ಲಿ ನಾವು ಆ ಹಳೆಯ ಹಳ್ಳಿಗೆ ಹೋಗಿದ್ದೆವು. ಹಿಂದೆ ಹಗ್ಗ ಹಿಡಿದಿದ್ದ ಹುಡುಗನು ಈಗ ಮಕ್ಕಳೊಂದಿಗ ಗೃಹಸ್ಥ. ನಮ್ಮನ್ನು ಗುಡ್ಡದ ಮೇಲೆ ಕರೆದುಕೊಂಡು ಹೋದನು. ಅಲ್ಲಿ ತನ್ನ ಹೊಲದ ನೆತ್ತಿಯ ಕೊರಕಲಿನಲ್ಲಿ ಅಕ್ಕಪಕ್ಕದವರೊಡನೆ ಸೇರಿ ಹತ್ತಾರು ಕಲ್ಲುಸಾಲುಗಳನ್ನು ಒಟ್ಟಿದ್ದನು. ಪ್ರತಿ ಸಾಲಿನ ಹಿಂದೆಯೂ ಗೇಣುದ್ದ ಮಣ್ಣು ನಿಂತು ಹುಲ್ಲು ಹಸುರಾಗಿತ್ತು. "ಮೊದಲು ಊರವರು ನಗುತ್ತಿದ್ದರು ಮೇಷ್ಟ್ರೇ, ಬೆಟ್ಟಕ್ಕೆ ಕಲ್ಲು ಹೊರುತ್ತಾನೆ ಎಂದು" ಎಂದನು. ನಾವೂ ಬಗ್ಗಿ ಒಂದು ಕಲ್ಲನ್ನೆತ್ತಿ ಸಾಲಿನ ಮೇಲಿಟ್ಟೆವು.

ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೇ. ಮುಂದಿನ ಮುಂಗಾರಿನ ಮೊದಲ ನೀರನ್ನು ಸೀಸೆಯಲ್ಲಿ ಹಿಡಿಯುವುದನ್ನು ಮರೆಯಬೇಡಿರಿ. ಅದರ ತಳದಲ್ಲಿ ಕೂಡಿದ ಮಣ್ಣನ್ನು ಮನೆಯ ಮಕ್ಕಳಿಗೆ ತೋರಿಸಿ, ಅದು ಯಾರ ಹೊಲದಿಂದ ಬಂದಿರಬಹುದೆಂದು ಕೇಳಿರಿ. ಪಂಚಾಯಿತಿಯ ಸಭೆಯಲ್ಲಿ ಕಟ್ಟೆಗಾಗಿ ಅರ್ಜಿ ಬರೆಯುವ ಮುನ್ನ ಒಮ್ಮೆ ಬೆಟ್ಟವನ್ನು ಹತ್ತಿ ನೋಡಿರಿ.